ಚಳಿಗಾಲದಲ್ಲಿ ಎಮ್ಮೆಗರು ಕೆಮ್ಮುತ್ತಿದೆಯೇ? ಕರುವಿಗಿಂತ ಮೊದಲು ಕೊಟ್ಟಿಗೆ ನೋಡಿ

ಡಿಸೆಂಬರ್ ಎರಡನೇ ವಾರ. ನಮ್ಮ ಕೊಟ್ಟಿಗೆಯಲ್ಲಿ ಮೂರು ಎಮ್ಮೆಗರು ಇದ್ದವು. ದೊಡ್ಡದಕ್ಕೆ ಎರಡೂವರೆ ತಿಂಗಳು, ಚಿಕ್ಕದಕ್ಕೆ ಹನ್ನೊಂದು ದಿನ. ಬೈಲಹೊಂಗಲ ಕಡೆ ಆ ವಾರ ಮೂಡಗಾಳಿ ಜೋರು. "ಕರಾ ನಡಗಾಕ ಹತ್ತೈತಿ, ಏನರ ಮಾಡಪಾ" ಅಂದಳು ಅವ್ವ. ಮಾಡಿದೆ. ಕೊಟ್ಟಿಗೆಯ ಮೂರು ಕಡೆ ತಾಡಪತ್ರಿ ಕಟ್ಟಿದೆ. ಬಾಗಿಲಿಗೆ ಗೋಣಿಚೀಲ ಹೊಲಿದು ಪರದೆ ಬಿಟ್ಟೆ. ಒಳಗೆ ಒಂದು ಬುಟ್ಟಿಯಲ್ಲಿ ಕುಳ್ಳು (ಬೆರಣಿ) ಹಾಕಿ ಹೊಗೆ ಎಬ್ಬಿಸಿದೆ. ರಾತ್ರಿ ಒಳಗೆ ಹೋದರೆ ಬೆಚ್ಚಗೆ, ಒಳ್ಳೆ ಕಂಬಳಿ ಹೊದ್ದ ಹಾಗೆ. ನನಗೇ ಅಲ್ಲಿ ಮಲಗಬೇಕು ಅನ್ನಿಸಿತ್ತು.

ಐದನೇ ದಿನ ಮೂರೂ ಕರು ಕೆಮ್ಮತೊಡಗಿದವು.

ದನದ ಡಾಕ್ಟರು ಬಂದವರು ಕರು ಮುಟ್ಟಲೇ ಇಲ್ಲ. ಒಳಗೆ ಹೋಗಿ ಕರುಗಳ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಎರಡು ನಿಮಿಷಕ್ಕೆ ಕಣ್ಣೊರೆಸಿಕೊಳ್ಳುತ್ತಾ ಎದ್ದು ಬಂದರು. "ಮೊದಲ ಆ ತಾಡಪತ್ರಿ ಬಿಚ್ಚರಿ. ಆಮ್ಯಾಲ ಇಂಜೆಕ್ಷನ್ ಮಾತು" ಅಂದರು.

ನಾನು ದಿನಾ ಒಳಗೆ ಹೋಗುತ್ತಿದ್ದೆ, ನನ್ನ ಕಣ್ಣು ಒಮ್ಮೆಯೂ ಉರಿದಿರಲಿಲ್ಲ. ಏಕೆಂದರೆ ನಾನು ನಿಂತೇ ನೋಡುತ್ತಿದ್ದೆ. ಕರು ಉಸಿರಾಡುವುದು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ.

ಅಂದಿನಿಂದ ನಮ್ಮ ಕೊಟ್ಟಿಗೆಯಲ್ಲಿ, ಅಕ್ಕಪಕ್ಕದ ಹತ್ತಾರು ಕೊಟ್ಟಿಗೆಗಳಲ್ಲಿ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಬಯಲುಸೀಮೆಯಲ್ಲಿ ಬರೀ ಚಳಿಗೆ ಕರು ಸಾಯುವುದು ಅಪರೂಪ. ಒದ್ದೆ ನೆಲ, ಕಟ್ಟಿಹೋದ ಗಾಳಿ, ರಾತ್ರಿಯ ಹಸಿವು, ಈ ಮೂರು ಕೊಲ್ಲುತ್ತವೆ. ಚಳಿಗೆ ಹೆದರಿ ನಾವು ಮಾಡುವ ಕೆಲಸಗಳೇ ಎಷ್ಟೋ ಸಲ ಈ ಮೂರನ್ನೂ ಹೆಚ್ಚಿಸುತ್ತವೆ.

ಎಮ್ಮೆಗರುವಿಗೇ ಏಕೆ ಈ ಪಾಡು

ಎಮ್ಮೆಗಳು ಹೆಚ್ಚಾಗಿ ಈಯುವುದು ಜುಲೈಯಿಂದ ಡಿಸೆಂಬರ್ ಒಳಗೆ. ಅಂದರೆ ಚಳಿ ಬರುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಇರುವುದೆಲ್ಲ ಎಳೆಗರುಗಳೇ. ಅದರ ಮೇಲೆ ನಮ್ಮ ಹವೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆ ಮಧ್ಯಾಹ್ನ 28–30 ಡಿಗ್ರಿ ಬಿಸಿಲು ಹೊಡೆಯುತ್ತದೆ, ಬೆಳಗಿನ ಜಾವ 10–12ಕ್ಕೆ ಇಳಿಯುತ್ತದೆ. ಹುಟ್ಟಿ ವಾರವೂ ಆಗದ ಕರುವಿಗೆ 15 ಡಿಗ್ರಿಗಿಂತ ಕೆಳಗೆ ಹೋದರೆ ಮೈ ಬೆಚ್ಚಗಿಟ್ಟುಕೊಳ್ಳಲು ಬೇರೆಯಾಗಿ ಶಕ್ತಿ ಬೇಕು. ಒಣಗಿದ ಹಾಸಿನಲ್ಲಿ ಹೊಟ್ಟೆ ತುಂಬಿ ಮಲಗಿದ್ದರೆ ಅದು ತಡೆದುಕೊಳ್ಳುತ್ತದೆ. ಒದ್ದೆಯಾದ ಕರು ತಡೆಯುವುದಿಲ್ಲ.

ಮೊದಲ ಹತ್ತು ನಿಮಿಷ: ಕರು

ಬೆಳಗ್ಗೆ ಆರಕ್ಕೆ, ಹಾಲು ಹಿಂಡುವ ಮೊದಲು ನೋಡಿ. ಆಗ ಕರು ಎದ್ದು ಓಡಾಡಿರುವುದಿಲ್ಲ, ಅದರ ನಿಜ ಸ್ಥಿತಿ ಗೊತ್ತಾಗುತ್ತದೆ.

ಎಬ್ಬಿಸುವ ಮುಂಚೆ ದೂರದಿಂದ ಪಕ್ಕೆ ನೋಡಿ ಉಸಿರು ಎಣಿಸಿ. ಪೂರ್ತಿ ಒಂದು ನಿಮಿಷ. 20ರಿಂದ 40ರ ಒಳಗಿದ್ದರೆ ಸರಿ. ಮಲಗಿದ್ದಾಗಲೇ 40 ದಾಟಿದರೆ ಗಮನ ಕೊಡಿ. ಪಕ್ಕೆ ಜೊತೆ ಹೊಟ್ಟೆಯೂ ಎಳೆದು ಎಳೆದು ಹೋಗುತ್ತಿದ್ದರೆ, ಕತ್ತು ಮುಂದೆ ಚಾಚಿ ಬಾಯಿ ತೆರೆದಿದ್ದರೆ ಉಳಿದದ್ದೆಲ್ಲ ಬಿಟ್ಟು ಡಾಕ್ಟರಿಗೆ ಫೋನ್ ಮಾಡಿ.

ಆಮೇಲೆ ಥರ್ಮಾಮೀಟರ್. ಮೆಡಿಕಲ್ ಶಾಪಿನಲ್ಲಿ ಸಿಗುವ ಮಾಮೂಲಿ ಡಿಜಿಟಲ್ ಥರ್ಮಾಮೀಟರ್ ಸಾಕು. ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಗುದದ್ವಾರದಲ್ಲಿಟ್ಟು, ಒಳಗಿನ ಗೋಡೆಗೆ ತಾಗುವ ಹಾಗೆ ಸ್ವಲ್ಪ ಓರೆ ಹಿಡಿಯಿರಿ. ಸೆಗಣಿ ನಡುವೆ ಸಿಕ್ಕಿಕೊಂಡರೆ ತಪ್ಪು ತೋರಿಸುತ್ತದೆ. 101ರಿಂದ 102.5 ಫ್ಯಾರನ್‌ಹೀಟ್ ಮಾಮೂಲು. 103 ದಾಟಿದರೆ ಜ್ವರ. 100ಕ್ಕಿಂತ ಕೆಳಗಿದ್ದರೆ ಕರು ತಣ್ಣಗಾಗುತ್ತಿದೆ, ಅದು ಜ್ವರಕ್ಕಿಂತ ಅವಸರದ ವಿಷಯ. ಮಧ್ಯಾಹ್ನ ನೋಡಬೇಡಿ. ಎಮ್ಮೆಗರುವಿನ ಕಪ್ಪು ಮೈ ಬಿಸಿಲನ್ನು ಎಳೆದುಕೊಳ್ಳುತ್ತದೆ, ಬೆವರುವುದೂ ಕಡಿಮೆ. ಬಿಸಿಲಲ್ಲಿ ನಿಂತಿದ್ದ ಆರೋಗ್ಯವಂತ ಕರುವೂ ಜ್ವರ ತೋರಿಸೀತು.

ಥರ್ಮಾಮೀಟರ್ ಇಲ್ಲವಾ? ಕೈ ತೊಳೆದು ಒಂದು ಬೆರಳನ್ನು ಕರುವಿನ ಬಾಯೊಳಗಿಡಿ. ಬೆಚ್ಚಗಿದ್ದು ಚಪ್ಪರಿಸಿ ಚೀಪಿದರೆ ಸಮಾಧಾನ. ಬಾಯಿ ಬೆಚ್ಚಗಿದೆ, ಚೀಪುವುದು ಸೋಮಾರಿಯಾಗಿದೆ ಅಂದರೆ ಏನೋ ಶುರುವಾಗಿದೆ. ಬಾಯಿ ತಣ್ಣಗಿದ್ದು ಚೀಪದೇ ಇದ್ದರೆ ಗಂಟೆಗಳ ಲೆಕ್ಕ. ಕಿವಿ ತಣ್ಣಗಿದೆಯಾ ಅಂತ ಮುಟ್ಟಿ ನೋಡುವುದು ನಮ್ಮಲ್ಲಿ ರೂಢಿ. ಚಳಿಗಾಲದ ಬೆಳಗ್ಗೆ ಎಲ್ಲಾ ಕರುವಿನ ಕಿವಿಯೂ ತಣ್ಣಗೇ ಇರುತ್ತದೆ. ಬಾಯಿ ಸುಳ್ಳು ಹೇಳುವುದಿಲ್ಲ.

ಹೊಕ್ಕುಳ ಮುಟ್ಟಿ, ಬಾಲದ ಕೆಳಗೆ ನೋಡಿ, ಕತ್ತಿನ ಚರ್ಮ ಚಿವುಟಿ ಬಿಡಿ. ಚಿವುಟಿದ ಮಡಿಕೆ ಕೂಡಲೇ ಇಳಿಯಬೇಕು. ನಿಧಾನಕ್ಕೆ ಇಳಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ.

ಮುಂದಿನ ಹತ್ತು ನಿಮಿಷ: ಕೊಟ್ಟಿಗೆ

ಇದನ್ನೂ ಬೆಳಗ್ಗೆಯೇ ಮಾಡಬೇಕು. ಬಾಗಿಲು ತೆಗೆದು, ಸೆಗಣಿ ಬಳಿದು, ಗಾಳಿ ಆಡಿಸಿದ ಮೇಲೆ ನೋಡಿದರೆ ಎಲ್ಲಾ ಕೊಟ್ಟಿಗೆಯೂ ಚೆನ್ನಾಗಿಯೇ ಕಾಣುತ್ತದೆ.

ಕರು ಮಲಗುವ ಜಾಗದಲ್ಲಿ ಐದು ನಿಮಿಷ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಸುಮ್ನೆ ಕೂತಿರಿ. ಮೂಗಿಗೆ ಘಾಟು ಬಂದರೆ, ಕಣ್ಣು ಚುರುಗುಟ್ಟಿದರೆ ಅಮೋನಿಯಾ ಕಟ್ಟಿಕೊಂಡಿದೆ. ಗಂಜಳದಲ್ಲಿ ಯೂರಿಯಾ ಇರುತ್ತದೆ. ಅದು ಸೆಗಣಿಯ ಜೊತೆ ಸೇರಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಅದು ಹುಟ್ಟುವುದೇ ನೆಲದಲ್ಲಿ, ಆದ್ದರಿಂದ ನೆಲದ ಹತ್ತಿರ ದಟ್ಟ. ಕರುವಿನ ಶ್ವಾಸನಾಳದ ಒಳಗೆ ನಮ್ಮಲ್ಲಿರುವ ಹಾಗೆಯೇ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಒಳಗೆ ಬಂದ ದೂಳು, ರೋಗಾಣುಗಳನ್ನು ಕಸಬರಿಗೆಯ ಹಾಗೆ ಹೊರಕ್ಕೆ ಗುಡಿಸುವುದು ಅವುಗಳ ಕೆಲಸ. ಅಮೋನಿಯಾ ಆ ಕಸಬರಿಗೆಯನ್ನು ಸುಟ್ಟುಬಿಡುತ್ತದೆ. ಆಮೇಲೆ ಮಾಮೂಲಿ ದಿನಗಳಲ್ಲಿ ಏನೂ ಮಾಡದ ರೋಗಾಣುಗಳೇ ಶ್ವಾಸಕೋಶಕ್ಕೆ ಇಳಿಯುತ್ತವೆ.

ಎರಡನೆಯದು ಊದಿನಕಡ್ಡಿ. ಕೂತಲ್ಲೇ ಒಂದು ಕಡ್ಡಿ ಹಚ್ಚಿ ಕರುವಿನ ಮೂಗಿನ ಎತ್ತರಕ್ಕೆ ಹಿಡಿಯಿರಿ. ಕೈ ಅಲುಗಿಸಬೇಡಿ. ಹೊಗೆ ಮೆಲ್ಲಗೆ ಮೇಲೆದ್ದು ಒಂದು ಕಡೆಗೆ ಹಗುರಾಗಿ ವಾಲುತ್ತಾ ಹೋದರೆ ಚೆನ್ನಾಗಿದೆ. ಹಿಡಿದಲ್ಲೇ ಅಡ್ಡಕ್ಕೆ ಎಳೆದುಕೊಂಡು ಹೋದರೆ ಕರುವಿನ ಮೈಮೇಲೆ ನೇರ ಗಾಳಿ ಬೀಳುತ್ತಿದೆ. ಮೇಲಕ್ಕೆ ಹೋಗಿ ಸೂರಿನ ಕೆಳಗೆ ಮೋಡದ ಹಾಗೆ ನಿಂತುಬಿಟ್ಟರೆ ಹೊರಹೋಗಲು ದಾರಿಯೇ ಇಲ್ಲ. ನಮ್ಮ ಕೊಟ್ಟಿಗೆಯಲ್ಲಿ ಎರಡೂ ದೋಷ ಒಟ್ಟಿಗೆ ಇದ್ದವು. ಮೇಲೆ ಹೊಗೆ ನಿಂತಿತ್ತು. ಕೆಳಗೆ ತಾಡಪತ್ರಿಯ ಅಂಚು ಪಟಪಟ ಹಾರುತ್ತಾ ಮೂಡಗಾಳಿಯನ್ನು ಸೀದಾ ಕರುವಿನ ಬೆನ್ನಿಗೆ ಬಿಡುತ್ತಿತ್ತು. ಬೇಕಾದ ಗಾಳಿಯನ್ನು ತಡೆದು ಬೇಡದ ಗಾಳಿಗೆ ಬಾಗಿಲು ತೆರೆದಿದ್ದೆ ನಾನು.

ಮೂರನೆಯದು ಮೊಣಕಾಲು. ಕರುವಿನ ಹಾಸಿನ ಮೇಲೆ ಅರ್ಧ ನಿಮಿಷ ಮೊಣಕಾಲೂರಿ. ಎದ್ದಾಗ ಪ್ಯಾಂಟು ಒದ್ದೆಯಾಗಿದ್ದರೆ ಕರು ರಾತ್ರಿಯಿಡೀ ಒದ್ದೆಯಲ್ಲಿ ಮಲಗಿದೆ. ಮೇಲೆ ಒಣ ಹುಲ್ಲು ಕಾಣುತ್ತದೆ ಅಂತ ಮೋಸ ಹೋಗಬೇಡಿ.

ತಗಡಿನ ಸೂರಾದರೆ ಇನ್ನೊಂದು. ಒಳಭಾಗಕ್ಕೆ ಕೈ ಆಡಿಸಿ. ಅಂಗೈ ತೊಯ್ದರೆ ದನಗಳ ಉಸಿರಿನ ಹಬೆ ಹೊರಹೋಗದೆ ತಣ್ಣನೆ ತಗಡಿಗೆ ತಾಗಿ ನೀರಾಗಿದೆ. ಬೆಳಗಿನ ಜಾವ ಆ ನೀರು ತೊಟ್ಟಿಕ್ಕುವುದು ಕರುವಿನ ಮೇಲೇ. ರಾತ್ರಿ ಮಳೆ ಬಂದಿಲ್ಲ, ಆದರೂ ಕರುವಿನ ಬೆನ್ನು ಒದ್ದೆ ಅಂತ ಒಬ್ಬ ಕಾಕಾ ತಲೆ ಕೆಡಿಸಿಕೊಂಡಿದ್ದರು. ಕಾರಣ ಇದೇ.

ಕೆಮ್ಮು, ಮೂಗು ಸೋರುವುದು, ಏದುಸಿರು

ಮೊದಲ ಪ್ರಶ್ನೆ: ಒಂದೇ ಕರುವಿಗಾ, ಎಲ್ಲಕ್ಕೂನಾ?

ಎರಡು ಮೂರು ದಿನದೊಳಗೆ ಎಲ್ಲಾ ಕರುಗಳೂ ಕೆಮ್ಮಲು ಹತ್ತಿದರೆ ದೋಷವನ್ನು ಗಾಳಿಯಲ್ಲಿ ಹುಡುಕಿ. ಕೊಟ್ಟಿಗೆ ಮುಚ್ಚಿದ ದಿನ ಯಾವುದು, ಕೆಮ್ಮು ಶುರುವಾದ ದಿನ ಯಾವುದು ಅಂತ ಲೆಕ್ಕ ಹಾಕಿ. ಹೆಚ್ಚಿನ ಸಲ ನಡುವೆ ನಾಲ್ಕೈದು ದಿನದಿಂದ ಒಂದು ವಾರ ಇರುತ್ತದೆ. ಸೊಳ್ಳೆಗೆ, ಚಳಿಗೆ ಅಂತ ಹಾಕುವ ಕುಳ್ಳಿನ ಹೊಗೆಯೂ ಇದೇ ಗುಂಪಿನದು. ಮುಚ್ಚಿದ ಜಾಗದ ಹೊಗೆ ಅಮೋನಿಯಾದಷ್ಟೇ ಕೆಟ್ಟದ್ದು. ಹೊಗೆ ಹಾಕಲೇಬೇಕು ಅಂದರೆ ಸಂಜೆ ಕೊಟ್ಟಿಗೆಯ ಹೊರಗೆ, ಗಾಳಿ ಬರುವ ದಿಕ್ಕಿನಲ್ಲಿ, ಅರ್ಧ ಗಂಟೆ. ಅಷ್ಟೇ.

ಸರಿಪಡಿಸುವುದು ಹೇಗೆ? ತಾಡಪತ್ರಿ ಪೂರ್ತಿ ಕಿತ್ತೊಗೆಯಬೇಕಿಲ್ಲ, ತಿರುಗಿಸಿ ಕಟ್ಟಬೇಕು. ಪರದೆಯನ್ನು ಮೇಲಿನ ತೊಲೆಗೆ ಕಟ್ಟಿ ಕೆಳಗೆ ಇಳಿಬಿಡುವುದು ನಮ್ಮ ರೂಢಿ. ಹಾಗಾದರೆ ಮೇಲೆ ಮುಚ್ಚುತ್ತದೆ, ಕೆಳಗೆ ಹಾರಾಡುತ್ತದೆ. ಕರುವಿಗೆ ಬೇಕಾದ್ದು ಇದರ ಉಲ್ಟಾ. ಕೆಳಗಿನ ಅಂಚನ್ನು ನೆಲಕ್ಕೆ ತಾಗಿಸಿ ಕಲ್ಲು ಇಲ್ಲವೇ ಬಿದಿರು ಹೇರಿ ಬಿಗಿ ಮಾಡಿ. ಅಲ್ಲಿಂದ ನಾಲ್ಕು ಅಡಿ ಎತ್ತರದವರೆಗೆ ಮಾತ್ರ ಮುಚ್ಚಿ. ಅದರ ಮೇಲೆ ಸೂರಿನವರೆಗೆ ಬಿಡಿ. ಸೂರಿನ ಅಂಚಿಗೆ ಕಡಿಮೆ ಅಂದರೂ ಒಂದು ಅಡಿ ಸಂದು ಇರಲೇಬೇಕು. ಕರು ಮಲಗಿದ ಮಟ್ಟಕ್ಕೆ ಗಾಳಿ ಬೀಳುವುದಿಲ್ಲ, ಹಬೆ ಮತ್ತು ಘಾಟು ಮೇಲಿಂದ ಹೊರಹೋಗುತ್ತವೆ.

ದಿಕ್ಕೂ ಮುಖ್ಯ. ನಮ್ಮ ಕಡೆ ಚಳಿಗಾಲದ ಗಾಳಿ ಮೂಡಣದಿಂದ, ಬಡಗಣದಿಂದ ಬರುತ್ತದೆ. ಆ ಎರಡು ಕಡೆ ಕೆಳಗೆ ಮುಚ್ಚಿದರೆ ಸಾಕು. ತೆಂಕಣ ಮುಚ್ಚಬೇಡಿ. ಡಿಸೆಂಬರಿನಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ, ಆ ಕಡೆಯಿಂದ ಬಿಸಿಲು ಕೊಟ್ಟಿಗೆಯ ಒಳಕ್ಕೆ ಬಂದು ನೆಲ ಒಣಗಿಸುತ್ತದೆ. ಪುಕ್ಕಟೆ ಸಿಗುವ ಔಷಧ ಅದು. ನಾನು ಅದನ್ನೂ ಮುಚ್ಚಿದ್ದೆ.

ಜಾಗ ಸಾಲದಿದ್ದರೆ ಎಷ್ಟು ತೆರೆದರೂ ಘಾಟು ಹೋಗುವುದಿಲ್ಲ. ಒಂದು ಎಳೆಗರುವಿಗೆ ಸೂರಿನಡಿ 10 ಚದರ ಅಡಿ, ಹೊರಗೆ ಆಡಲು 20 ಚದರ ಅಡಿ ಅಂತ ಲೆಕ್ಕ ಇಟ್ಟುಕೊಳ್ಳಿ. ದೊಡ್ಡ ಎಮ್ಮೆಗಳ ಹಿಂದೆ, ಗಂಜಳ ಹರಿಯುವ ಕಾಲುವೆಯ ಪಕ್ಕ ಕರು ಕಟ್ಟುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕೊಟ್ಟಿಗೆಯಲ್ಲಿ ಎತ್ತರದ ಮೂಲೆ ಯಾವುದೋ ಅದು ಕರುವಿನದ್ದು.

ಈಗ ಒಂದೇ ಕರು ಕೆಮ್ಮುತ್ತಿದೆ, ಉಳಿದವು ಚೆನ್ನಾಗಿವೆ ಅಂದರೆ? ಕಳೆದ ಎರಡು ಮೂರು ದಿನದಲ್ಲಿ ಯಾರಾದರೂ ಗೊಟ್ಟ ಹಾಕಿದ್ದರಾ ಕೇಳಿ. ಮನೆಯವರು ಮೊದಲು "ಇಲ್ಲ" ಅನ್ನುತ್ತಾರೆ. ಇನ್ನೊಮ್ಮೆ ಕೇಳಿ. ಹೊಟ್ಟೆ ಉಬ್ಬಿತ್ತು ಅಂತ ಎಣ್ಣೆ, ಶೀತ ಆಗಿದೆ ಅಂತ ಕಷಾಯ, ಶಕ್ತಿಗೆ ಅಂತ ಬೆಲ್ಲದ ನೀರು, ಏನೋ ಒಂದು ಹೊಯ್ದಿರುತ್ತಾರೆ. ಕರುವಿನ ತಲೆ ಮೇಲಕ್ಕೆತ್ತಿ, ನಾಲಿಗೆ ಹೊರಗೆಳೆದು ಬಿದಿರಿನ ಗೊಟ್ಟದಿಂದ ಒಮ್ಮೆಲೇ ಸುರಿದರೆ ಅರ್ಧ ಹೊಟ್ಟೆಗೆ, ಅರ್ಧ ಶ್ವಾಸಕೋಶಕ್ಕೆ. ಎಣ್ಣೆಯಾದರೆ ಇನ್ನೂ ಕಷ್ಟ, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಚಳಿಗಾಲದಲ್ಲಿ ಶೀತ ಆಗಿ ಸತ್ತಿತು ಅನ್ನುವ ಕರುಗಳಲ್ಲಿ ಕೆಲವು ಸತ್ತದ್ದು ಶೀತದ ಔಷಧದಿಂದ. ಕುಡಿಸಲೇಬೇಕಾದರೆ ನಿಪ್ಪಲ್ ಬಾಟಲಿ ಬಳಸಿ. ತಲೆ ಬೆನ್ನಿನ ಮಟ್ಟಕ್ಕಿಂತ ತುಸು ಮೇಲಿದ್ದರೆ ಸಾಕು. ಅದೇ ಚೀಪಲಿ. ಚೀಪದ ಕರುವಿಗೆ ಬಾಯಿಂದ ಏನೂ ಹೊಯ್ಯಬೇಡಿ.

ನಮ್ಮ ಮೂರು ಕರುಗಳ ಕಥೆ ಏನಾಯಿತು ಅಂದರೆ, ದೊಡ್ಡ ಎರಡಕ್ಕೆ ಡಾಕ್ಟರು ಐದು ದಿನ ಇಂಜೆಕ್ಷನ್ ಕೊಟ್ಟರು, ಚೇತರಿಸಿಕೊಂಡವು. ಹನ್ನೊಂದು ದಿನದ್ದು ಉಳಿಯಲಿಲ್ಲ. ಅದರ ಮೂಗಿನಿಂದ ಮೊದಲು ನೀರು, ಮೂರನೇ ದಿನ ಹಳದಿ ಸಿಂಬಳ. ನೀರಾಗಿದ್ದಾಗಲೇ ಕರೆದಿದ್ದರೆ ಬೇರೆಯಾಗುತ್ತಿತ್ತೇನೋ. ಸಿಂಬಳ ಗಟ್ಟಿಯಾಗಿ ಹಳದಿ ಆಗುವವರೆಗೆ ಕಾಯಬೇಡಿ.

ನಡುಗುವುದು, ತಣ್ಣಗೆ ಮುದುಡಿ ಬೀಳುವುದು

ನಡುಗುವ ಕರು ಇನ್ನೂ ಹೋರಾಡುತ್ತಿದೆ. ನಡುಗುವುದು ನಿಂತು ಸುಮ್ಮನೆ ಬಿದ್ದುಕೊಂಡರೆ "ಈಗ ಆರಾಮಾತು" ಅನ್ನಬೇಡಿ. ಮೈಯಲ್ಲಿದ್ದ ಶಕ್ತಿ ಮುಗಿದಿರಬಹುದು.

ಆಗ ಮಾಡಬೇಕಾದ್ದು: ಒಣ ಗೋಣಿಚೀಲದಿಂದ ಮೈ ಗಸಗಸ ಉಜ್ಜಿ. ಕರುವನ್ನು ಮನೆಯೊಳಗೆ ತನ್ನಿ, ಪಡಸಾಲೆಯಾದರೂ ಸರಿ. ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆ ಸುತ್ತಿ ಪಕ್ಕೆಗೆ, ತೊಡೆಸಂದಿಗೆ ಇಡಿ. ನಿಮ್ಮ ಮೊಣಕೈಗೆ ಹಿತ ಅನ್ನಿಸುವಷ್ಟೇ ಬಿಸಿ, ಸುಡಬಾರದು. ಬಾಯಿ ಬೆಚ್ಚಗಾಗಿ ಬೆರಳು ಚೀಪಲು ಶುರುಮಾಡಿದ ಮೇಲೆ ಬೆಚ್ಚನೆ ಹಾಲು. ಅದಕ್ಕೂ ಮೊದಲು ಬೇಡ. ಕರುವಿನ ಹತ್ತಿರ ಬಲ್ಬ್ ಹಾಕುವವರು ವೈರು, ಹುಲ್ಲು ಎರಡನ್ನೂ ಗಮನಿಸಿ. ಹಳೆಯ ಬಿಸಿ ಬಲ್ಬ್ ಹುಲ್ಲಿಗೆ ತಾಗಿದರೆ ಇಡೀ ಕೊಟ್ಟಿಗೆ ಹೋಗುತ್ತದೆ.

ಈ ದೋಷದ ಮೂಲ ಎರಡು ಕಡೆ ಇರುತ್ತದೆ. ಒಂದು ಹಾಸು. ಕರು ಮಲಗಿದಾಗ ಅದರ ಕಾಲು ನೋಡಿ. ನಾಲ್ಕೂ ಕಾಲು ಪೂರ್ತಿ ಕಾಣುತ್ತಿದ್ದರೆ ಹಾಸು ಸಾಲದು. ಕಾಲು ಹುಲ್ಲಿನಲ್ಲಿ ಮುಳುಗಿ ಬೆನ್ನು, ತಲೆ ಮಾತ್ರ ಕಂಡರೆ ಸರಿ. ಕಬ್ಬಿನ ರವದಿ, ಭತ್ತದ ಹುಲ್ಲು ಎರಡೂ ನಡೆಯುತ್ತವೆ. ಕೆಳಗೆ ಶೇಂಗಾ ಹೊಟ್ಟು, ಮೇಲೆ ಹುಲ್ಲು ಹಾಕಿದರೆ ಹೊಟ್ಟು ಗಂಜಳ ಹೀರಿಕೊಳ್ಳುತ್ತದೆ, ಮೇಲೆ ಒಣಗಿರುತ್ತದೆ. ಬೂಷ್ಟು ಹಿಡಿದ ಹುಲ್ಲು ಹಾಸಿಗೆಗೂ ಬೇಡ. ತಿನ್ನುವುದಕ್ಕೆ ಆಗದ್ದನ್ನು ಹಾಸಲು ಬಳಸೋಣ ಅನ್ನುವ ಲೆಕ್ಕ ಕೆಮ್ಮಿಗೆ ದಾರಿ.

ಇನ್ನೊಂದು ನೀರು. ಬೆಳಗ್ಗೆ ಐದಕ್ಕೆ ಎಮ್ಮೆ ತೊಳೆದು, ನೆಲಕ್ಕೆ ಕೊಡ ಕೊಡ ನೀರು ಸುರಿದು ಹಾಲು ಹಿಂಡುವುದು ನಮ್ಮಲ್ಲಿ ಶುಚಿಯ ಲೆಕ್ಕ. ಆ ನೀರು ಹರಿದು ಹೋಗುವುದು ಎಲ್ಲಿಗೆ ಅಂತ ಒಂದು ದಿನ ಬ್ಯಾಟರಿ ಹಿಡಿದು ನೋಡಿ. ನಮ್ಮಲ್ಲಿ ಕರುವಿನ ಮೂಲೆಗೇ ಬರುತ್ತಿತ್ತು. ಅತಿ ಚಳಿಯ ಹೊತ್ತಿಗೇ ಅದಕ್ಕೆ ನೀರಿನ ಹಾಸಿಗೆ! ಈಗ ಬೆಳಗ್ಗೆ ಕೆಚ್ಚಲು ಮಾತ್ರ ಬೆಚ್ಚನೆ ನೀರಲ್ಲಿ ತೊಳೆದು ಒರೆಸುತ್ತೇವೆ. ಎಮ್ಮೆ ಮೈ ತೊಳೆಯುವುದು, ನೆಲ ತೊಳೆಯುವುದು ಹನ್ನೊಂದು ಗಂಟೆಯ ಬಿಸಿಲಿಗೆ, ಅದೂ ಕರುಗಳನ್ನು ಹೊರಗೆ ಕಟ್ಟಿದ ಮೇಲೆ.

ಗೋಣಿಚೀಲದ ಅಂಗಿ ಹೊಲಿದು ಹಾಕುವುದು ಒಳ್ಳೆಯದೇ. ಒಣಗಿದ್ದರೆ ಮಾತ್ರ. ಬೆಳಗ್ಗೆ ಬಿಸಿಲು ಬಂದ ಕೂಡಲೇ ಬಿಚ್ಚಿ ಒಣಹಾಕಿ, ಸಂಜೆ ಹಾಕಿ. ಇನ್ನು ಎಮ್ಮೆ ಬೋಳಿಸುವವರನ್ನು ಕರೆಸಿದಾಗ "ಕರುವಿಂದೂ ಒಂದು ಕೈ ನೋಡಿಬಿಡು" ಅನ್ನಬೇಡಿ. ಬೇಸಿಗೆ ಬರಲಿ.

ರಾತ್ರಿಯ ಹಸಿವು

ಇದು ರೋಗದ ಹಾಗೆ ಕಾಣುವುದಿಲ್ಲ, ಹಾಗಾಗಿ ಯಾರೂ ಹುಡುಕುವುದಿಲ್ಲ. ಸಂಜೆ ಐದೂವರೆಗೆ ಕರು ಬಿಟ್ಟರೆ ಮತ್ತೆ ಬಿಡುವುದು ಬೆಳಗ್ಗೆ ಆರೂವರೆಗೆ. ಹದಿಮೂರು ಗಂಟೆ. ಮೈ ಬೆಚ್ಚಗಿಡಲು ಅತಿ ಹೆಚ್ಚು ಶಕ್ತಿ ಬೇಕಾದ ಹೊತ್ತಿನಲ್ಲಿ ಹೊಟ್ಟೆ ಖಾಲಿ. ಕರುವಿನ ತೂಕದ ಹತ್ತರಲ್ಲಿ ಒಂದು ಭಾಗ ಹಾಲು ದಿನಕ್ಕೆ ಬೇಕು. 30 ಕೆ.ಜಿ. ಕರುವಿಗೆ 3 ಲೀಟರ್. ಚಳಿ ಜಾಸ್ತಿಯಾದಾಗ ಅರ್ಧ ಲೀಟರ್ ಹೆಚ್ಚಿಗೆ. ಅದನ್ನು ರಾತ್ರಿ ಒಂಬತ್ತಕ್ಕೆ ಬಾಟಲಿಯಲ್ಲಿ ಬೆಚ್ಚಗೆ ಕೊಟ್ಟರೆ ಬೆಳಗಿನ ಜಾವದ ನಡುಕ ಎಷ್ಟು ಕಡಿಮೆಯಾಗುತ್ತದೆ ಅಂತ ನೀವೇ ನೋಡುತ್ತೀರಿ.

ಇಲ್ಲಿ ಒಂದು ಮುಜುಗರದ ಮಾತು. ನಿಮ್ಮ ಕೊಟ್ಟಿಗೆಯಲ್ಲಿ ಚಳಿಗೆ ಸತ್ತ ಕರುಗಳ ಪಟ್ಟಿ ಮಾಡಿ. ಹೆಚ್ಚಿನವು ಕೋಣಗರುಗಳೇ? ಹಾಗಾದರೆ ದೋಷ ಸೂರಿನಲ್ಲಿಲ್ಲ, ಹಾಲಿನ ಲೆಕ್ಕದಲ್ಲಿದೆ. ಚಳಿ ಗಂಡು ಹೆಣ್ಣು ನೋಡುವುದಿಲ್ಲ. ಎಮ್ಮೆ ಸೊರವು ಬಿಡಲಿ, ಅಂದರೆ ಕೆಚ್ಚಲಿಗೆ ಹಾಲು ಇಳಿಸಲಿ ಅಂತ ಎರಡು ಗುಟುಕು ಚೀಪಿಸಿ ಎಳೆದು ಕಟ್ಟಿದ ಕರು ಯಾವ ಕೊಟ್ಟಿಗೆಯಲ್ಲೂ ಜನವರಿ ದಾಟುವುದು ಕಷ್ಟ.

ಗಿಣ್ಣು ಹಾಲಿನ ವಿಷಯವೂ ಇಲ್ಲೇ ಬರುತ್ತದೆ. ತಾಯಿಯ ರೋಗನಿರೋಧಕ ಶಕ್ತಿ ಹೊಟ್ಟೆಯಲ್ಲಿದ್ದಾಗ ಕರುವಿಗೆ ಬರುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಗಂಟೆಗಂಟೆಗೆ ಮುಚ್ಚುತ್ತಾ ಬಂದು ಒಂದು ದಿನದೊಳಗೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಕಸ (ಮಾಸು) ಬೀಳುವವರೆಗೆ ಕರುವಿಗೆ ಗಿಣ್ಣು ಬಿಡಬಾರದು ಅನ್ನುವ ಹಳೆಯ ನಂಬಿಕೆ ಇನ್ನೂ ಇದೆ. ಬಿಟ್ಟುಬಿಡಿ. ಕರು ಚೀಪಿದರೆ ಕಸ ಬೇಗ ಬೀಳಲು ಅನುಕೂಲವೇ. ಹುಟ್ಟಿದ ಎರಡು ಗಂಟೆಯೊಳಗೆ ಹೊಟ್ಟೆಗೆ ಗಿಣ್ಣು ಹೋಗಬೇಕು, ರಾತ್ರಿ ಎರಡಕ್ಕೆ ಹುಟ್ಟಿದರೂ.

ಭೇದಿ

ವಯಸ್ಸು ಕೇಳಿ, ಬಣ್ಣ ನೋಡಿ, ಅರ್ಧ ಉತ್ತರ ಸಿಗುತ್ತದೆ.

ಮೊದಲ ವಾರದೊಳಗೆ ಬೆಳ್ಳಗೆ ಇಲ್ಲವೇ ತಿಳಿಹಳದಿ ನೀರಿನಂತೆ ಹೋದರೆ ಒದ್ದೆ ಕೊಳಕು ಹಾಸು, ತಡವಾದ ಗಿಣ್ಣು, ಸೆಗಣಿ ಮೆತ್ತಿದ ಕೆಚ್ಚಲು, ಈ ಮೂರನ್ನೂ ಅನುಮಾನಿಸಿ. ಎರಡು ವಾರ ದಾಟಿದ ಕರು ಕೆಸರು ಬಣ್ಣದ, ಮೂಗು ಮುಚ್ಚಿಕೊಳ್ಳುವಷ್ಟು ನಾರುವ ಸೆಗಣಿ ಹಾಕುತ್ತಾ, ಮೈ ಸೊರಗಿ ಹೊಟ್ಟೆ ಮಾತ್ರ ಗುಡಾಣವಾಗಿದ್ದರೆ ದುಂಡುಹುಳು. ಈ ದೋಷಕ್ಕೆ ಕೊಟ್ಟಿಗೆಯನ್ನು ಬೈಯಬೇಡಿ. ಈ ಹುಳುವಿನ ಮರಿಗಳು ತಾಯಿಯ ಹಾಲಿನಲ್ಲೇ ಕರುವಿಗೆ ಬರುತ್ತವೆ. ಎಮ್ಮೆಗರುಗಳಿಗೆ ಇದರ ಕಾಟ ವಿಪರೀತ. ಹತ್ತರಿಂದ ಹದಿನೈದನೇ ದಿನದೊಳಗೆ ಮೊದಲ ಜಂತಿನ ಔಷಧ ಕೊಡಿಸಿ, ತೂಕಕ್ಕೆ ತಕ್ಕ ಪ್ರಮಾಣವನ್ನು ಡಾಕ್ಟರೇ ಹೇಳಲಿ. ಚಳಿಗಾಲದಲ್ಲಿ ಹುಳುವಿನಿಂದ ಸೊರಗಿದ ಕರುವನ್ನು "ಚಳಿಗೆ ಹಿಂಗಾಗೇತಿ" ಅಂತ ಬಿಡುವುದೇ ದೊಡ್ಡ ತಪ್ಪು.

ಮೂರು ವಾರದ ಮೇಲಿನ ಕರು ತಿಣುಕಿ ತಿಣುಕಿ ರಕ್ತ ಬೆರೆತ ಸೆಗಣಿ ಹಾಕಿದರೆ ಕಾಕ್ಸಿಡಿಯಾ ಇರಬಹುದು, ಕರುಳಿಗೆ ಹತ್ತುವ ಕಣ್ಣಿಗೆ ಕಾಣದ ಪರಾವಲಂಬಿ ಅದು. ಇದು ಪಕ್ಕಾ ಕೊಟ್ಟಿಗೆಯ ರೋಗ. ಒದ್ದೆ ನೆಲ, ಜಾಸ್ತಿ ಕರು, ಬಿಸಿಲು ಬೀಳದ ಮೂಲೆ. ಔಷಧದ ಜೊತೆ ಹಾಸು ಪೂರ್ತಿ ತೆಗೆದು, ನೆಲ ಒಣಗಿಸಿ, ಸುಣ್ಣ ಉದುರಿಸಿ ಹೊಸ ಹಾಸು ಹಾಕದಿದ್ದರೆ ಹದಿನೈದು ದಿನಕ್ಕೆ ಮತ್ತೆ ಬರುತ್ತದೆ.

ಯಾವ ಭೇದಿಯಾದರೂ ಕರು ಸಾಯುವುದು ಬಹುಪಾಲು ನೀರು ಕಳೆದುಕೊಂಡು. ಮೆಡಿಕಲ್ ಶಾಪಿನ ಓಆರ್‌ಎಸ್ ಪೊಟ್ಟಣ ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ ಒಂದರಂತೆ ಬೆರೆಸಿ ದಿನಕ್ಕೆ ಎರಡು ಮೂರು ಸಲ ಬಾಟಲಿಯಲ್ಲಿ ಕೊಡಿ. ಹಾಲಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಹಾಲು ನಿಲ್ಲಿಸಬೇಡಿ, ಚಳಿಯಲ್ಲಿ ಹಾಲು ನಿಂತರೆ ಭೇದಿಗಿಂತ ಮೊದಲು ಚಳಿಯೇ ಗೆಲ್ಲುತ್ತದೆ.

ಹೊಕ್ಕುಳ, ಕೂದಲು, ಹೇನು

ಹೊಕ್ಕುಳ ಬೆರಳಿಗಿಂತ ದಪ್ಪಗಾಗಿ, ಮುಟ್ಟಿದರೆ ಕರು ಕೊಸರಾಡಿದರೆ, ಕೀವು ನಾತ ಬಂದರೆ ಒದ್ದೆ ಹಾಸಿನ ಸೋಂಕು ಒಳಗೆ ಹೋಗಿದೆ. ತಡಮಾಡಿದರೆ ಮೊಣಕಾಲಿನ ಕೀಲು ಬಾತು ಕರು ಕುಂಟುತ್ತದೆ. ಹುಟ್ಟಿದ ಕೂಡಲೇ ಟಿಂಚರ್ ಅಯೋಡಿನ್‌ನಲ್ಲಿ ಹೊಕ್ಕುಳಬಳ್ಳಿ ಪೂರ್ತಿ ಮುಳುಗಿಸಿದ್ದರೆ ಇದು ಬರುವುದು ಕಡಿಮೆ. ಅರಿಶಿನ ಸವರಿದರೆ ಸಾಲದು.

ಕೂದಲು ಅಲ್ಲಲ್ಲಿ ಉದುರಿ, ಕರು ಕಂಬಕ್ಕೆ ಮೈ ತಿಕ್ಕುತ್ತಿದ್ದರೆ ಕತ್ತಿನ ಮೇಲೆ, ಕಿವಿಯ ಹಿಂದೆ ಕೂದಲು ಬಿಡಿಸಿ ನೋಡಿ. ಹೇನು ಚಳಿಗಾಲದಲ್ಲೇ ಹೆಚ್ಚು. ಚರ್ಮ ದಪ್ಪಗಾಗಿ ಹೊಪ್ಪಳೆ ಕಟ್ಟಿದ್ದರೆ ಕಜ್ಜಿ. ಬೆಳೆಗೆ ಹೊಡೆಯುವ ಔಷಧ ಮಾತ್ರ ಸವರಬೇಡಿ, ಕರು ಮೈ ನೆಕ್ಕಿಕೊಳ್ಳುತ್ತದೆ.

ಡಾಕ್ಟರಿಗೆ ಫೋನ್ ಮಾಡುವಾಗ

ಬಾಯಿ ತಣ್ಣಗಿದೆ, ಜ್ವರ 103 ದಾಟಿದೆ, ಬಾಯಿ ತೆರೆದು ಉಸಿರಾಡುತ್ತಿದೆ, ಎರಡು ಹೊತ್ತು ಹಾಲು ಬಿಟ್ಟಿದೆ, ಕಣ್ಣು ಗುಳಿ ಬಿದ್ದಿದೆ, ಸೆಗಣಿಯಲ್ಲಿ ರಕ್ತ ಇದೆ. ಇವುಗಳಲ್ಲಿ ಒಂದಿದ್ದರೂ ಮನೆಮದ್ದು ಸಾಕು ಮಾಡಿ. ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ ಪಶು ಸಂಚಾರಿ ಚಿಕಿತ್ಸೆಯ 1962ಕ್ಕೆ ಕರೆ ಮಾಡಿ, ಅದು ಉಚಿತ. ಮನೆಯಲ್ಲಿ ಉಳಿದ ಇಂಜೆಕ್ಷನ್ ಚುಚ್ಚಬೇಡಿ.

"ಕರಾ ಆರಾಮಿಲ್ಲರಿ" ಅಂತಷ್ಟೇ ಹೇಳಿದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಹೇಳಿ: ವಯಸ್ಸು ಎಷ್ಟು ದಿನ, ಬೆಳಗ್ಗೆ ಆರಕ್ಕೆ ಜ್ವರ ಎಷ್ಟಿತ್ತು, ನಿಮಿಷಕ್ಕೆ ಉಸಿರು ಎಷ್ಟು, ಕೊನೆಯ ಸಲ ಹಾಲು ಕುಡಿದದ್ದು ಯಾವಾಗ, ಸೆಗಣಿಯ ಬಣ್ಣ ಏನು, ಬೇರೆ ಕರುಗಳಿಗೂ ಇದೆಯಾ, ಗೊಟ್ಟ ಹಾಕಿದ್ದೀರಾ. ಕೊನೆಯದನ್ನು ಮುಚ್ಚಿಡಬೇಡಿ. ಕೊಟ್ಟಿಗೆಗೆ ತಾಡಪತ್ರಿ ಕಟ್ಟಿದ್ದರೆ ಅದನ್ನೂ ಹೇಳಿ, ಅವರು ಬರುವಷ್ಟರಲ್ಲಿ ಮೇಲಿನ ಅಂಚು ಬಿಚ್ಚಿಡಿ.